ಹೊಳೆಯ ಕೆಳಗೊಂದು ಮನೆ



ಸೋಮವಾರಪೇಟೆ ಸೀಮೆಯ ನಮ್ಮ ಮನೆಯಲ್ಲಿ ಪೂಜೆಗೆ ಅಗ್ಗವಣಿ ತರುವ ಕೆಲಸ ಅವ್ವನದು. ಮನೆಯ ಹಿಂದಿನ ತೊರೆಯಿಂದ ಬೆಳಕು ಹರಿಯುವ ಮುನ್ನವೇ ಒಂದು ತಾಮ್ರದ ಕೊಡ ನೀರು ತಂದಿಡುತ್ತಿದ್ದಳು. ವರ್ಷದಲ್ಲಿ ಮೂರು ತಿಂಗಳು ಮಾತ್ರ ಅವಳ ದಾರಿ ಬದಲಾಗುತ್ತಿತ್ತು. ಡಿಸೆಂಬರಿನಿಂದ ಫೆಬ್ರವರಿಯವರೆಗೆ ಹತ್ತಿರದ ಕಲ್ಲುಮೆಟ್ಟಿಲು ಬಿಟ್ಟು, ತೋಟದೊಳಗೆ ಒಂದಷ್ಟು ದೂರ ಮೇಲಕ್ಕೆ ನಡೆದು, ಪಲ್ಪರ್ ಮನೆಗಿಂತ ಮೇಲಿನ ಗುಂಡಿಯಲ್ಲಿ ಕೊಡ ಮುಳುಗಿಸುತ್ತಿದ್ದಳು. ಪಲ್ಪರ್ ಮನೆಯ ಕೆಳಗೆ ನೀರು ಕಂದು ಬಣ್ಣಕ್ಕೆ ತಿರುಗಿರುತ್ತಿತ್ತು. ಮೇಲೆ ನೊರೆ, ಹುಳಿತ ಹಣ್ಣಿನ ವಾಸನೆ. ಆ ನೀರು ಲಿಂಗದ ಮಜ್ಜನಕ್ಕೆ ಸಲ್ಲದು ಎಂಬುದು ಅವ್ವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಪಲ್ಪರ್ ಮನೆಯಿಂದ ಸ್ವಲ್ಪ ಕೆಳಗೆ, ಅದೇ ತೊರೆಯ ದಡದಲ್ಲಿ, ತೋಟದ ಕೆಲಸದವರ ಲೈನ್ ಮನೆಗಳಿದ್ದವು. ಅವರ ಅಡುಗೆ, ಸ್ನಾನ, ಬಟ್ಟೆ ಎಲ್ಲಕ್ಕೂ ಅದೇ ತೊರೆ. ಹಣ್ಣು ಕೊಯ್ದು ತಂದವರೂ ಅವರೇ, ಅದನ್ನು ತೊಳೆದ ನೀರು ಬಳಸಿದವರೂ ಅವರೇ. ಮಕ್ಕಳ ಮೈ ಕೆರೆಯುತ್ತಿತ್ತು, ದನಗಳು ಮೂಸಿ ನೋಡಿ ತಿರುಗಿಬಿಡುತ್ತಿದ್ದವು. ನಾನು ಹೈಸ್ಕೂಲಿನಲ್ಲಿದ್ದಾಗ ಒಬ್ಬ ಮುದುಕಿ ನನ್ನನ್ನು ನಿಲ್ಲಿಸಿ, "ಸಣ್ಣ್ ಯಜಮಾನ್ರೇ, ಇನ್ನೆಷ್ಟು ದಿನ ಮಿಷನ್ ಓಡ್ತದೆ?" ಎಂದು ಕೇಳಿದ್ದಳು. ದೂರು ಹೇಳುವ ದನಿಯಲ್ಲ, ಮಳೆ ಯಾವಾಗ ನಿಲ್ಲುತ್ತದೆ ಎಂದು ಕೇಳುವ ಹಾಗೆ. "ಇನ್ನೊಂದ್ ಹದಿನೈದು ದಿನ ಅಜ್ಜಿ" ಎಂದು ಹೇಳಿ ಹೋದೆ. ಅಪ್ಪನ ಬಳಿ ಈ ಮಾತು ಎತ್ತಲಿಲ್ಲ. ಎತ್ತಬೇಕು ಎಂದು ಹೊಳೆಯಲೂ ಇಲ್ಲ.

ಕಾವೇರಿಯ ಪುನರುಜ್ಜೀವನದ ಬಗ್ಗೆ ಈಗ ಎಲ್ಲೆಡೆ ಮಾತು ಕೇಳಿಬರುತ್ತಿದೆ. ದುಬಾರೆಯ ರಾಫ್ಟಿಂಗ್, ಕುಶಾಲನಗರದ ನದಿದಡದ ಆರತಿ, ನಿಸರ್ಗಧಾಮದ ತೂಗುಸೇತುವೆಯ ಚಿತ್ರಗಳನ್ನು ನೋಡಿದವರಿಗೆ ಕೊಡಗಿನ ಹೊಳೆಗಳು ಎಂದೂ ಕೊಳೆ ಕಂಡೇ ಇಲ್ಲವೇನೋ ಅನಿಸಬೇಕು. ಸರ್ಕಾರಿ ಎಂಜಿನಿಯರ್ ಆಗಿ ಮೂರು ದಶಕ ನೀರು, ಚರಂಡಿ, ಕಾಲುವೆಗಳ ಲೆಕ್ಕ ಬರೆದವನು ನಾನು. ಈ ಸಂಚಿಕೆಯ ಸಂಪಾದಕೀಯದಲ್ಲಿ ಆ ಲೆಕ್ಕವನ್ನು ನಿಮ್ಮ ಮುಂದಿಡುತ್ತೇನೆ. ಇದರಲ್ಲಿ ನನ್ನ ಬಾಕಿಯೂ ಸೇರಿದೆ.

ಕೈಗಾರಿಕೆಯಿಂದ ಕೆಟ್ಟ ನದಿ ಎಂದರೆ ನಮ್ಮ ಓದುಗರಿಗೆ ಮೊದಲು ನೆನಪಾಗುವುದು ಹರಿಹರದ ಕೆಳಗಿನ ತುಂಗಭದ್ರೆ. 1980ರ ದಶಕದಲ್ಲಿ ಅಲ್ಲಿಯ ಹಳ್ಳಿಗರು ಕಾರ್ಖಾನೆಯ ನೀರಿನ ವಿರುದ್ಧ ಎದ್ದು ನಿಂತರು. ಸಮಾಜ ಪರಿವರ್ತನ ಸಮುದಾಯ ಅವರ ಜೊತೆಗಿತ್ತು. ಅಲ್ಲಿ ಬೊಟ್ಟು ಮಾಡಿ ತೋರಿಸಲು ಒಂದು ಚಿಮಣಿ, ಧರಣಿ ಕೂರಲು ಒಂದು ಗೇಟು ಇತ್ತು. ಕೊಡಗಿನ ಕೈಗಾರಿಕೆಗೆ ಚಿಮಣಿಯೂ ಇಲ್ಲ, ಗೇಟೂ ಇಲ್ಲ. ಇಲ್ಲಿ ಕಾರ್ಖಾನೆ ಎಂದರೆ ತೋಟಕ್ಕೊಂದು ಪಲ್ಪರ್. ದೇಶದ ಕಾಫಿಯಲ್ಲಿ ಮೂರನೇ ಒಂದು ಭಾಗಕ್ಕೆ ಕಡಿಮೆಯಿಲ್ಲದಷ್ಟು ಬೆಳೆಯುವ ಜಿಲ್ಲೆಯಿದು. ಇಂಥ ಎಷ್ಟು ಸಣ್ಣ ಕಾರ್ಖಾನೆಗಳು ಎಷ್ಟು ತೊರೆಗಳ ದಡದಲ್ಲಿ ಇದ್ದಿರಬೇಕು ಎಂದು ನೀವೇ ಊಹಿಸಿ.

ತೋಟ ಕಾಣದವರಿಗಾಗಿ ಎರಡು ಮಾತು. ಕಾಫಿ ಹಣ್ಣನ್ನು ಹಾಗೆಯೇ ಕಣದಲ್ಲಿ ಒಣಗಿಸಿದರೆ ಅದು ಚೆರ್ರಿ. ಅದಕ್ಕೆ ನೀರು ಬೇಡ. ರೊಬಸ್ಟಾವನ್ನು ಹೆಚ್ಚಾಗಿ ಹೀಗೇ ಮಾಡುತ್ತಾರೆ. ಅರೇಬಿಕಾದಲ್ಲಿ ಒಳ್ಳೆಯ ದರ ಬೇಕಾದರೆ ಪಾರ್ಚ್‌ಮೆಂಟ್ ಮಾಡಬೇಕು. ಕೊಯ್ದ ದಿನವೇ ಹಣ್ಣಿನ ಸಿಪ್ಪೆ ಸುಲಿದು, ಬೀಜಕ್ಕೆ ಅಂಟಿದ ಲೋಳೆಯನ್ನು ತೊಟ್ಟಿಯಲ್ಲಿ ಹುಳಿಸಿ, ಮತ್ತೆ ಮತ್ತೆ ತೊಳೆಯಬೇಕು. ಸಿಪ್ಪೆಯ ರಸ, ಲೋಳೆ, ಸಕ್ಕರೆ ಎಲ್ಲ ಆ ನೀರಿನಲ್ಲಿರುತ್ತದೆ. ಅದು ವಿಷವಲ್ಲ, ಹಣ್ಣಿನ ರಸ ತಾನೇ ಎಂದು ಅಪ್ಪ ಹೇಳುತ್ತಿದ್ದರು. ಅನೇಕ ತೋಟದವರು ಇಂದಿಗೂ ಹಾಗೇ ಹೇಳುತ್ತಾರೆ.

ಹಣ್ಣಿನ ರಸ ಹೌದು. ಆದರೆ ಅದನ್ನು ತಿಂದು ಕರಗಿಸುವ ಸೂಕ್ಷ್ಮಜೀವಿಗಳು ನೀರಿನಲ್ಲಿರುವ ಆಮ್ಲಜನಕವನ್ನು ನುಂಗಿಬಿಡುತ್ತವೆ. ಹೀಗೆ ನುಂಗುವ ಪ್ರಮಾಣವನ್ನೇ ಬಿ.ಒ.ಡಿ. ಎಂದು ಅಳೆಯುವುದು. ಸ್ನಾನಕ್ಕೆ ಯೋಗ್ಯವಾದ ನದಿನೀರಿನಲ್ಲಿ ಅದು ಲೀಟರಿಗೆ 3 ಮಿಲಿಗ್ರಾಂ ಮೀರಬಾರದು. ಪಟ್ಟಣದ ಕೊಳಚೆಯಲ್ಲಿ 200-300 ಇರುತ್ತದೆ. ಪಲ್ಪರಿನ ನೀರಿನಲ್ಲಿ ಹಲವು ಸಾವಿರ. ಮೂರು ಸಾವಿರ ಎಂದೇ ಹಿಡಿಯೋಣ. ನಮ್ಮ ಹವೆಯಲ್ಲಿ ಶುದ್ಧವಾಗಿ ಹರಿಯುವ ಹೊಳೆಯ ಒಂದು ಲೀಟರಿನಲ್ಲಿ ಕರಗಿರುವ ಆಮ್ಲಜನಕ ಸುಮಾರು 8 ಮಿಲಿಗ್ರಾಂ. ಅಂದರೆ ಪಲ್ಪರಿನ ಒಂದು ಲೀಟರ್ ನೀರು ಹೊಳೆಯ 375 ಲೀಟರ್ ನೀರಿನ ಉಸಿರನ್ನು ಪೂರ್ತಿ ಹೀರಬಲ್ಲದು. ಸಾಲದ್ದಕ್ಕೆ ಪಲ್ಪಿಂಗ್ ನಡೆಯುವುದು ಮಳೆ ನಿಂತು, ಒರತೆ ಸೊರಗಿ, ಹೊಳೆ ದಿನದಿಂದ ದಿನಕ್ಕೆ ಇಳಿಯುವ ತಿಂಗಳುಗಳಲ್ಲಿ. ಮಳೆಗಾಲದಲ್ಲಿ ಬಿಟ್ಟಿದ್ದರೆ ಗೊತ್ತೂ ಆಗುತ್ತಿರಲಿಲ್ಲ. ಬೆಳೆಯೇ ಬೇಸಿಗೆಯ ಬಾಗಿಲಲ್ಲಿ ಬರುತ್ತದೆ, ಏನು ಮಾಡುವುದು?

ನಮ್ಮ ತೊರೆ ಹಾರಂಗಿಗೆ ಇಳಿಯುತ್ತದೆ, ಹಾರಂಗಿ ಕೂಡಿಗೆಯಲ್ಲಿ ಕಾವೇರಿಯನ್ನು ಕೂಡುತ್ತದೆ. ಮಡಿಕೇರಿ, ವಿರಾಜಪೇಟೆ ಕಡೆಯ ತೊರೆಗಳು ಬೇರೆ ಬೇರೆ ದಾರಿಯಲ್ಲಿ ಬಂದು ಅದೇ ಕಾವೇರಿ ಸೇರುತ್ತವೆ. ಪಲ್ಪರ್ ಮನೆಗಳನ್ನು ಕಟ್ಟುವಾಗ ತೊರೆಯ ದಡವನ್ನೇ ಹುಡುಕಿ ಕಟ್ಟಿದ್ದರು. ನೀರು ತರುವ ಖರ್ಚೂ ಇಲ್ಲ, ಬಿಡುವ ಖರ್ಚೂ ಇಲ್ಲ.

ಇದು ಬದಲಾಯಿತು. 1974ರಲ್ಲಿ ಜಲಮಾಲಿನ್ಯ ತಡೆ ಕಾಯಿದೆ ಬಂತು, ಅದೇ ವರ್ಷ ನಮ್ಮ ರಾಜ್ಯದ ಮಾಲಿನ್ಯ ನಿಯಂತ್ರಣ ಮಂಡಳಿಯೂ ಹುಟ್ಟಿತು. ಕಾಯಿದೆ ತೋಟದ ಗೇಟು ದಾಟಿ ಒಳಗೆ ಬರಲು ಮತ್ತಷ್ಟು ವರ್ಷ ಹಿಡಿಯಿತು. ಪಲ್ಪರಿನ ನೀರನ್ನು ಗುಂಡಿಗೆ ಹಾಯಿಸಿ, ಸುಣ್ಣ ಹಾಕಿ ಹುಳಿ ಮುರಿದು, ಒಂದಾದ ಮೇಲೊಂದು ಗುಂಡಿಯಲ್ಲಿ ಕೊಳೆಯಿಸಿ, ತಿಳಿಯಾಗಿಸಿ ತೋಟಕ್ಕೇ ಬಿಡುವ ಪದ್ಧತಿಯನ್ನು ಕಾಫಿ ಮಂಡಳಿಯವರು ಹೇಳಿಕೊಟ್ಟರು. ಲೋಳೆಯನ್ನು ಯಂತ್ರದಲ್ಲೇ ಉಜ್ಜಿ ತೆಗೆಯುವ, ಹಳೆಯ ಪಲ್ಪರಿಗಿಂತ ಎಷ್ಟೋ ಕಡಿಮೆ ನೀರು ಕೇಳುವ ಯಂತ್ರಗಳು ಬಂದವು. ಸಿಪ್ಪೆ ಗೊಬ್ಬರವಾಯಿತು. ಎಲ್ಲರೂ ಮಾಡಿದರೆಂದು ನಾನು ಹೇಳಲಾರೆ, ರಾತ್ರಿ ಹೊತ್ತು ಗುಂಡಿಯ ಬಾಯಿ ಒಡೆಯುವವರು ಈಗಲೂ ಇದ್ದಾರೆ. ಆದರೂ ನನ್ನ ಬಾಲ್ಯದಲ್ಲಿ ಜನವರಿ ತಿಂಗಳಲ್ಲಿ ಕಂಡ ತೊರೆಗೂ ಇಂದಿನ ತೊರೆಗೂ ವ್ಯತ್ಯಾಸವಿದೆ. ಮಾಡಿದ ತೋಟದವರಿಗೆ ಆ ಮಟ್ಟಿಗೆ ಶರಣು ಹೇಳಲೇಬೇಕು. ನಮ್ಮ ಮನೆಯ ಮಟ್ಟಿಗೆ ಹೇಳುವುದಾದರೆ ಕಾಯಿದೆಗಿಂತ ಮೊದಲು ಪಲ್ಪರ್ ನಿಲ್ಲಿಸಿದ್ದು ಆಳಿನ ಅಭಾವ. ಹಣ್ಣು ಬೇಗ ಕೊಯ್ಯುವವರಿಲ್ಲದೆ ಕೆಲವು ವರ್ಷ ಎಲ್ಲವನ್ನೂ ಚೆರ್ರಿ ಮಾಡಿಯೇ ಕೊಟ್ಟೆವು. ಹೊಳೆ ತಿಳಿಯಾಗಿದ್ದಕ್ಕೆ ನಾವು ಪುಣ್ಯದ ಲೆಕ್ಕ ಬರೆದುಕೊಳ್ಳುವಂತಿಲ್ಲ.

ಹೊಳೆ ತಿಳಿಯಾದಂತೆ ಅದನ್ನು ನೋಡಲು ಜನ ಬಂದರು. ಕುಶಾಲನಗರದ ಹತ್ತಿರ ಕಾವೇರಿಯ ನಡುಗಡ್ಡೆಯಲ್ಲಿ ಅರಣ್ಯ ಇಲಾಖೆ 1989ರಲ್ಲಿ ನಿಸರ್ಗಧಾಮ ಮಾಡಿತು. ದುಬಾರೆಯದು ಇನ್ನೂ ದೊಡ್ಡ ಬದಲಾವಣೆ. ಅಲ್ಲಿಯ ಸಾಕಾನೆಗಳು ಒಂದು ಕಾಲಕ್ಕೆ ಕಾಡಿನ ಮರದ ದಿಮ್ಮಿ ಎಳೆಯುತ್ತಿದ್ದವು. ಮರ ಕಡಿಯುವುದು ನಿಂತಿತು, ಈಗ ಜನ ಅವಕ್ಕೆ ಹೊಳೆಯಲ್ಲಿ ಸ್ನಾನ ಮಾಡಿಸಲು ಟಿಕೆಟ್ ಕೊಂಡು ಬರುತ್ತಾರೆ. ಮಳೆಗಾಲದಲ್ಲಿ ಅದೇ ನೀರಿನಲ್ಲಿ ರಬ್ಬರ್ ದೋಣಿಗಳು ಬಂಡೆಗಳ ನಡುವೆ ಹಾರುತ್ತವೆ. ಒಂದು ಸಲ ಮೊಮ್ಮಗಳ ಹಟಕ್ಕೆ ನಾನೂ ಹತ್ತಿದೆ. ಹೆದರಿಕೆ ಆಯಿತು, ಖುಷಿಯೂ ಆಯಿತು. ನದಿಯ ದಡದಲ್ಲಿ ಹುಟ್ಟಿ ನದಿಯೊಳಗೆ ಇಳಿಯದೆ ಕಳೆದ ಆಯುಷ್ಯ ನೆನೆದು ಸ್ವಲ್ಪ ನಾಚಿಕೆಯೂ ಆಯಿತು.

ಅದರ ಹತ್ತಿರದ ವಾಲ್ನೂರಿನಲ್ಲಿ ಮಹಶೀರ್ ಮೀನಿನ ಕಥೆಯಿದೆ. ಸಿಡಿಮದ್ದು ಹಾಕಿ ಮೀನು ಹಿಡಿಯುವ ಪಾಪ ನಮ್ಮ ಕಡೆ ಬಹಳ ಕಾಲ ನಡೆಯಿತು. ಕೊಡಗು ವನ್ಯಜೀವಿ ಸಂಘದವರು ವಾಲ್ನೂರು ಭಾಗದ ಹೊಳೆಯನ್ನು ಕಾಯಲು ನಿಂತರು. ಗಾಳ ಹಾಕಿ ಹಿಡಿದವರು ಮೀನನ್ನು ಮತ್ತೆ ನೀರಿಗೇ ಬಿಡಬೇಕು. ಇದರಿಂದ ಮೀನು ಉಳಿಯಿತು. ಆದರೆ ಯಾವ ಮೀನು ಎಂಬುದನ್ನೂ ನೋಡಬೇಕು. ಕಾವೇರಿ ಕಣಿವೆ ಬಿಟ್ಟರೆ ಜಗತ್ತಿನಲ್ಲೆಲ್ಲೂ ಇಲ್ಲದ್ದು ಕಿತ್ತಳೆ ರೆಕ್ಕೆಯ, ಗೂನುಬೆನ್ನಿನ ಮಹಶೀರ್. ಅದನ್ನು 2018ರಲ್ಲಿ ತೀವ್ರ ಅಳಿವಿನಂಚಿನ ಜೀವಿ ಎಂದು ಜಾಗತಿಕ ಕೆಂಪು ಪಟ್ಟಿಗೆ ಸೇರಿಸಿದರು. ಹೊಳೆಯಲ್ಲಿ ಈಗ ಹೆಚ್ಚಾಗಿ ಕಾಣುವುದು ನೀಲಿ ರೆಕ್ಕೆಯದು. ಅದು ಮಹಾರಾಷ್ಟ್ರದ ಲೋಣಾವಳದ ಮರಿಕೇಂದ್ರದಲ್ಲಿ ಬೆಳೆಸಿ ದಶಕಗಳ ಕಾಲ ಕಾವೇರಿಗೆ ತಂದು ಬಿಟ್ಟ ತಳಿ. ಒಳ್ಳೆಯ ಮನಸ್ಸಿನಿಂದಲೇ ಬಿಟ್ಟರು. ಹೊಳೆ ತುಂಬಿತು, ಹೊಳೆಯ ಸ್ವಂತ ಮಗು ಮೂಲೆಗೆ ಸರಿಯಿತು.

ಈ ಮೀನಿನ ಕಥೆಯ ಹಿಂದೆಯೇ ನನ್ನ ಮುಖ್ಯ ಮಾತು ಬರುತ್ತದೆ. ದುಬಾರೆಯ ನೀರು ಚೆಂದವಾಗಿ ಕಾಣುವುದು ಜೂನ್‌ನಿಂದ ಕೆಲವು ತಿಂಗಳು. ಆಗ ಕೊಳೆ ಕಡಿಮೆಯಾಗಿರುವುದಿಲ್ಲ, ನೀರು ಹೆಚ್ಚಾಗಿರುತ್ತದೆ, ಅಷ್ಟೆ. ಫೆಬ್ರವರಿ-ಮಾರ್ಚಿನಲ್ಲಿ ಅದೇ ಜಾಗದಲ್ಲಿ ಬಂಡೆಯಿಂದ ಬಂಡೆಗೆ ಕಾಲಿಟ್ಟು ಹೊಳೆ ದಾಟಬಹುದು. ನದಿಯ ಆರೋಗ್ಯ ನೋಡಬೇಕಾದ್ದು ಆಗ. ಆ ದಿನಗಳಲ್ಲೂ ಪ್ರವಾಸಿಗರು ತುಂಬಿರುತ್ತಾರೆ. ಹೊಳೆಯನ್ನು ನೋಡಲು ಬಂದವರು ಉಳಿಯುವುದು ಹೊಳೆಯ ದಡದ ಹೋಂಸ್ಟೇ, ರೆಸಾರ್ಟ್‌ಗಳಲ್ಲಿ. ಲೆಕ್ಕಕ್ಕೆ ಸಿಕ್ಕವು ಎಷ್ಟೋ, ಸಿಗದವು ಎಷ್ಟೋ. ಒಬ್ಬೊಬ್ಬರಿಗೂ ಬಿಸಿನೀರಿನ ಸ್ನಾನ, ದಿನಕ್ಕೊಂದು ಹೊಸ ಬೆಡ್‌ಶೀಟು. ಆ ನೀರೆಲ್ಲ ಎಲ್ಲಿಗೆ? ಮನೆಯ ಹಿಂದಿನ ಗುಂಡಿಗೆ. ನಾಲ್ಕು ಜನರ ಮನೆಗೆಂದು ತೆಗೆದ ಗುಂಡಿಗೆ ಶನಿವಾರ ರಾತ್ರಿ ನಲವತ್ತು ಜನರ ನೀರು. ಸೆಪ್ಟಿಕ್ ಟ್ಯಾಂಕು ಕೊಳೆಯ ಒಂದು ಪಾಲನ್ನಷ್ಟೇ ಹಿಡಿಯುತ್ತದೆ, ಉಳಿದದ್ದನ್ನು ಮಣ್ಣು ಸೋಸಬೇಕು. ಇಳಿಜಾರಿನಲ್ಲಿ, ಮಳೆಗೆ ನೆನೆದು ಉಬ್ಬಿದ ಕೊಡಗಿನ ಮಣ್ಣು ಎಷ್ಟು ಸೋಸೀತು? ನೀರು ಪಕ್ಕದ ತೊರೆಗೆ ಜಿನುಗುತ್ತದೆ. ತೋಟಕ್ಕೊಂದು ಪಲ್ಪರ್ ಇದ್ದ ಕಡೆ ಈಗ ತೋಟಕ್ಕೊಂದು ಹೋಂಸ್ಟೇ. ಇದಕ್ಕೂ ಚಿಮಣಿಯಿಲ್ಲ, ಗೇಟಿಲ್ಲ.

ಪಟ್ಟಣಗಳದು ಇನ್ನೊಂದು ಬಗೆ. ಕುಶಾಲನಗರದ ಒಳಚರಂಡಿ ಯೋಜನೆ ಎಷ್ಟೋ ವರ್ಷ ಎಳೆಯುತ್ತ ಬಂದದ್ದು ಅಲ್ಲಿಯವರಿಗೆಲ್ಲ ಗೊತ್ತು. ಸೇತುವೆಯ ಈಚೆ ಕೊಡಗು, ಆಚೆ ಮೈಸೂರು ಜಿಲ್ಲೆಯ ಕೊಪ್ಪ. ಈಚೆಯವರು ಆಚೆ, ಆಚೆಯವರು ಈಚೆ ಕೈ ತೋರಿಸುವುದು ಸುಲಭ. ನಾನು ಯಾರಿಗೂ ಕೈ ತೋರಿಸಲಾರೆ. ಸೇವೆಗೆ ಸೇರಿದ ಹೊಸತರಲ್ಲಿ ನದಿದಡದ ಒಂದು ಸಣ್ಣ ಊರಿಗೆ ಚರಂಡಿಯ ನಕ್ಷೆ ಬರೆದವನು ನಾನೇ. ಮಳೆನೀರಿಗೆಂದು ಬರೆದದ್ದು. ಆದರೆ ಮನೆಮನೆಯ ಬಚ್ಚಲು ಅದಕ್ಕೇ ಸೇರುತ್ತದೆ ಎಂಬುದು ನಕ್ಷೆ ಬರೆದವನಿಗೂ ಗೊತ್ತಿತ್ತು, ಮಂಜೂರು ಮಾಡಿದವರಿಗೂ ಗೊತ್ತಿತ್ತು. ಎಸ್ಟಿಮೇಟಿನ ಕೊನೆಯಲ್ಲಿ 'ನೈಸರ್ಗಿಕ ಹಳ್ಳಕ್ಕೆ ಬಿಡುವುದು' ಎಂದು ಬರೆದು ಸಹಿ ಹಾಕಿದೆ. ಹಳ್ಳ ಎಂದು ಬರೆದದ್ದು ನದಿಯನ್ನು. ಆ ಚರಂಡಿ ಇವತ್ತಿಗೂ ಹರಿಯುತ್ತಿದೆ. ನಾನು ಕಟ್ಟಿಸಿದ್ದರಲ್ಲಿ ಒಮ್ಮೆಯೂ ರಿಪೇರಿ ಕೇಳದ ಕೆಲಸ ಅದೊಂದೇ!

ಲಂಡನ್ನಿನ ಥೇಮ್ಸ್ ನದಿಯ ಮಾತನ್ನು ಎಲ್ಲರೂ ಉದಾಹರಣೆ ಕೊಡುತ್ತಾರೆ. 1858ರ ಬೇಸಿಗೆಯಲ್ಲಿ ಅದರ ದುರ್ನಾತಕ್ಕೆ ದಡದ ಪಾರ್ಲಿಮೆಂಟೇ ಕೂರಲಾರದೆ ಹೋಯಿತು. ಆಮೇಲೆ ಊರಿನಡಿ ದೊಡ್ಡ ಚರಂಡಿಗಳನ್ನು ಕಟ್ಟಿದರು. ಅಷ್ಟಾದರೂ 1957ರಲ್ಲಿ ನದಿ ಸತ್ತಿದೆ ಎಂದು ಅಲ್ಲಿಯ ವಿಜ್ಞಾನಿಗಳೇ ಹೇಳಬೇಕಾಯಿತು. ಏಕೆಂದರೆ ಚರಂಡಿ ಕೊಳೆಯನ್ನು ಊರಿನ ಕೆಳಗೆ ಒಯ್ದು ಬಿಟ್ಟಿತ್ತೇ ಹೊರತು ಶುದ್ಧ ಮಾಡಿರಲಿಲ್ಲ. ಶುದ್ಧೀಕರಣ ಘಟಕಗಳನ್ನು ಸರಿಪಡಿಸಿದ ಮೇಲೆ 1974ರಲ್ಲಿ ಸಾಲ್ಮನ್ ಮೀನು ಮತ್ತೆ ಕಂಡಿತು. ಅವರು ಮೊದಲು ಚರಂಡಿ ಸರಿಮಾಡಿದರು, ಮೀನು ಆಮೇಲೆ ಬಂತು. ನಾವು ದೋಣಿಯನ್ನು ಮೊದಲು ಇಳಿಸಿದ್ದೇವೆ.

ಕೆಳಗಿನ ಮನೆ ಎಂದರೆ ಈಗ ಲೈನ್ ಮನೆ ಮಾತ್ರ ಅಲ್ಲ. 2024ರ ಅಕ್ಟೋಬರಿನಲ್ಲಿ ಬೆಂಗಳೂರಿಗೆ ಕಾವೇರಿ 5ನೇ ಹಂತದ ನೀರು ಹೋಯಿತು, ದಿನಕ್ಕೆ 77.5 ಕೋಟಿ ಲೀಟರಿನ ಯೋಜನೆ. ಇದನ್ನು ಓದುವವರಲ್ಲಿ ಅನೇಕರ ಮಕ್ಕಳು ಆ ನೀರು ಕುಡಿಯುತ್ತಿದ್ದಾರೆ. ವಾರದ ಕೊನೆಗೆ ಕಾರು ತೆಗೆದುಕೊಂಡು ಕೊಡಗಿಗೆ ಬರುವವರೂ ಅವರೇ. ಕೊಡಗಿನಲ್ಲೇ ಹುಟ್ಟಿ ಬ್ರಹ್ಮಗಿರಿಯ ಇರುಪ್ಪಿನಿಂದ ಇಳಿಯುವ ಲಕ್ಷ್ಮಣತೀರ್ಥದ ಪಾಡು ಇನ್ನೂ ಬೇಗ ತಿಳಿಯಿತು. ಹುಣಸೂರಿನಿಂದ ಕಟ್ಟೆಮಳಲವಾಡಿಯವರೆಗಿನ ಅದರ ಪಾತ್ರ ಕೇಂದ್ರ ಮಂಡಳಿಯ ಕಲುಷಿತ ನದಿಗಳ ಪಟ್ಟಿ ಸೇರಿದೆ. 2018ರ ಆ ಪಟ್ಟಿಯಲ್ಲಿ ಕರ್ನಾಟಕದ ನದಿಪಾತ್ರಗಳು 17.

ಇನ್ನು ನಮ್ಮ ಮಠಗಳ ವಿಷಯ. ಪ್ರವಾಸಿಗರನ್ನೂ ಪುರಸಭೆಯನ್ನೂ ದೂರಿ ಮುಗಿಸಿದರೆ ಈ ಪತ್ರಿಕೆಗೆ ಅಪ್ರಾಮಾಣಿಕತೆ ತಟ್ಟುತ್ತದೆ. ಪೂಜ್ಯರು ಕ್ಷಮಿಸಬೇಕು. ನೂರಾರು ಮಕ್ಕಳ ಪ್ರಸಾದ ನಿಲಯ ನಡೆಸುವ ಮಠ, ಜಾತ್ರೆಗೆ ಸಾವಿರಾರು ಜನರಿಗೆ ದಾಸೋಹ ನಡೆಸುವ ಮಠ, ಅಡುಗೆಮನೆಯ ಮತ್ತು ಶೌಚಾಲಯದ ನೀರು ಎಲ್ಲಿ ಹೋಗಿ ನಿಲ್ಲುತ್ತದೆ ಎಂದು ಒಮ್ಮೆ ನೋಡಿದ್ದುಂಟೇ? ಉಂಡವರ ಲೆಕ್ಕ ನಮ್ಮಲ್ಲಿ ಪುಸ್ತಕದಲ್ಲಿರುತ್ತದೆ. ತೊಳೆದ ನೀರಿನ ಲೆಕ್ಕ ಇರುವುದಿಲ್ಲ. ನಾನು ನೋಡಿದ ಕೆಲವು ಕಡೆ ಅದು ಹಿಂದಿನ ಹಳ್ಳಕ್ಕೇ ಹೋಗುತ್ತದೆ. ಅದನ್ನು ಹಿಡಿದು, ಜಿಡ್ಡು ತೆಗೆದು, ಗಿಡಗಳ ಬೇರಿನ ಮೂಲಕ ಸೋಸಿ ತೆಂಗಿಗೆ ಬಾಳೆಗೆ ಬಿಡುವುದು ದೊಡ್ಡ ವಿದ್ಯೆಯಲ್ಲ. ಒಂದು ಕಮಾನು ಕಟ್ಟುವ ಖರ್ಚಿಗಿಂತ ಕಡಿಮೆಯಲ್ಲಿ ಮುಗಿಯುತ್ತದೆ. ನಕ್ಷೆ ಬೇಕಾದವರು ಬರೆಯಿರಿ, ಸಂಭಾವನೆಯಿಲ್ಲದೆ ಬರೆದುಕೊಡುತ್ತೇನೆ. ಈ ಸಲ ಕೊನೆಯ ಸಾಲನ್ನು ಸರಿಯಾಗಿ ಬರೆಯುತ್ತೇನೆ.

ತಲಕಾವೇರಿಗೆ ಹೋಗುವ ನಮ್ಮವರಿಗೂ ಒಂದು ಮಾತಿದೆ. ಅಕ್ಟೋಬರಿನ ತೀರ್ಥೋದ್ಭವಕ್ಕೆ ಹೋಗಿ ಬನ್ನಿ, ಬೇಡವೆನ್ನುವವನು ನಾನಲ್ಲ. ಭಾಗಮಂಡಲದ ಸಂಗಮದಲ್ಲಿ ಉಟ್ಟ ಬಟ್ಟೆ ಬಿಟ್ಟು ಬಂದರೆ ಪಾಪ ಹೋಗುತ್ತದೆಂದು ಯಾವ ಶರಣರೂ ಹೇಳಿಲ್ಲ. ಬಟ್ಟೆ ಮಾತ್ರ ಕೆಳಗಿನ ಊರಿಗೆ ಹೋಗುತ್ತದೆ. ನದಿಯ ಆರತಿ ಮಾಡುವವರ ಶ್ರದ್ಧೆಯನ್ನು ನಾನು ಗೌರವಿಸುತ್ತೇನೆ. ಅದೇ ಘಟ್ಟದಲ್ಲಿ ತಿಂಗಳಿಗೊಮ್ಮೆ ನೀರಿನ ಪರೀಕ್ಷೆಯ ಫಲವನ್ನೂ ಬೋರ್ಡಿನಲ್ಲಿ ಬರೆದರೆ ಶ್ರದ್ಧೆಗೆ ಏನೂ ಕುಂದು ಬರುವುದಿಲ್ಲ. ಕರಗಿದ ಆಮ್ಲಜನಕ ಅಳೆಯುವ ಸಣ್ಣ ಕಿಟ್ಟುಗಳು ಸಿಗುತ್ತವೆ, ಪಿ.ಯು. ವಿಜ್ಞಾನದ ಮಕ್ಕಳು ಅರ್ಧ ಗಂಟೆಯಲ್ಲಿ ಕಲಿಯುತ್ತಾರೆ. ಡಿಸೆಂಬರಿನಿಂದ ಮಾರ್ಚಿನವರೆಗೆ ತಮ್ಮ ಊರಿನ ಹೊಳೆಯನ್ನು ಹದಿನೈದು ದಿನಕ್ಕೊಮ್ಮೆ ಅಳೆದು ಕಳಿಸುವ ಯಾವುದೇ ಶಾಲೆಯ, ಪ್ರಸಾದ ನಿಲಯದ ಅಂಕಿಗಳಿಗೆ ಈ ಪತ್ರಿಕೆಯಲ್ಲಿ ಒಂದು ಪುಟ ತೆಗೆದಿಡುತ್ತೇವೆ. 5ಕ್ಕಿಂತ ಕೆಳಗಿಳಿದರೆ ಅದು ಸ್ನಾನಕ್ಕೂ ಯೋಗ್ಯವಲ್ಲದ ನೀರು. ಅಂಕಿ ಕೆಟ್ಟದ್ದು ಬಂದರೂ ಅಚ್ಚು ಮಾಡುತ್ತೇವೆ, ಅದು ನಮ್ಮ ಮಠದ ಹಿಂದಿನ ಹಳ್ಳದ್ದೇ ಆಗಿದ್ದರೂ.

ಇದನ್ನು ಬರೆಯುವ ಮುನ್ನ ತೋಟ ನೋಡಿಕೊಳ್ಳುವ ತಮ್ಮನಿಗೆ ಫೋನ್ ಮಾಡಿದ್ದೆ. "ಅಣ್ಣ, ಈ ವರ್ಷ ಪಾರ್ಚ್‌ಮೆಂಟಿಗೆ ರೇಟು ಚೆನ್ನಾಗಿದೆ, ಮತ್ತೆ ಪಲ್ಪಿಂಗ್ ಮಾಡ್ತಿದ್ದೀನಿ" ಎಂದ. ಹೊಸ ಯಂತ್ರ, ನೀರು ಕಡಿಮೆ ಸಾಕು. ಗುಂಡಿ ತೆಗೆಸಿದೆಯಾ ಎಂದೆ. ಜೆಸಿಬಿಯವನು ಬರುವವನಿದ್ದಾನೆ, ಹಣ್ಣು ಮಾತ್ರ ಆಗಲೇ ಕೆಂಪಾಗಿದೆ ಎಂದ. ಲೈನ್ ಮನೆಗಳಿಗೆ ಈಗ ಬೋರ್‌ವೆಲ್ ನೀರಿದೆಯಲ್ಲ ಎಂದೂ ಸೇರಿಸಿದ. ಕರೆಂಟು ಹೋದ ದಿನ ಅವರು ಎಲ್ಲಿಗೆ ಹೋಗುತ್ತಾರೆ ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ತೊರೆಗೇ ಹೋಗ್ತಾರೆ" ಎಂದ.

ಗುಂಡಿ ಆಗುವವರೆಗೆ ಹಣ್ಣನ್ನು ಕಣದಲ್ಲಿ ಹರಡು, ನಷ್ಟದಲ್ಲಿ ನನ್ನ ಪಾಲು ನಾನು ಕೊಡುತ್ತೇನೆ ಎಂದಿದ್ದೇನೆ. ಒಪ್ಪಿದ್ದಾನೋ ಇಲ್ಲವೋ ಗೊತ್ತಿಲ್ಲ, ಹೂಂ ಎಂದು ಫೋನ್ ಇಟ್ಟ. ಸೋಮವಾರ ಬೆಳಿಗ್ಗೆ ಊರಿಗೆ ಹೊರಟಿದ್ದೇನೆ, ಕಿಟ್ಟು ಚೀಲದಲ್ಲಿದೆ.